ಕಸದ ಬ್ಯಾಗ್ ಸೋರಿದರೆ ಮೈಕ್ರಾನ್ ಹಿಂದೆ ಓಡಬೇಡಿ

ಪೀಣ್ಯದ ಒಂದು ಸಣ್ಣ ಪ್ಲಾಸ್ಟಿಕ್ ಯೂನಿಟ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುವ ಕೆಲಸ ನನ್ನದು. ನಾವು ಮಾಡುವುದು ಕಸದ ಬ್ಯಾಗ್. ಆಸ್ಪತ್ರೆಗಳಿಗೆ ಹಳದಿ ಮತ್ತು ಕೆಂಪು, ಹೋಟೆಲ್, ಕ್ಯಾಂಟೀನ್‌ಗಳಿಗೆ ಕಪ್ಪು. ಮನೆಗಳಿಗೆ ಹೋಗುವ ಮಾಲು ಕಮ್ಮಿ. ಬೆಂಗಳೂರಿನಲ್ಲಿ ಹಸಿ ಕಸವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಕೊಡುವಂತಿಲ್ಲವಲ್ಲ.

ನಮಗೆ ಬರುವ ದೂರುಗಳಲ್ಲಿ ಬ್ಯಾಗ್ ಹರಿಯಿತು ಅನ್ನುವುದಕ್ಕಿಂತ ತಳದಲ್ಲಿ ಸೋರಿತು ಅನ್ನುವುದೇ ಜಾಸ್ತಿ. ಪರಿಹಾರವನ್ನೂ ಗಿರಾಕಿಗಳೇ ಹೇಳಿಬಿಡುತ್ತಾರೆ: "ಸರ್, ಸ್ವಲ್ಪ ದಪ್ಪ ಮಾಡಿ ಕೊಡಿ." ನಮ್ಮ ಸೇಲ್ಸ್‌ನವರಿಗೂ ಇದು ಇಷ್ಟ. ಕೆಜಿ ಲೆಕ್ಕದಲ್ಲಿ ಮಾರುವ ಮಾಲು, ದಪ್ಪ ಮಾಡಿದಷ್ಟೂ ಬಿಲ್ ದೊಡ್ಡದಾಗುತ್ತದೆ. ಆದರೆ ಸೋರುವುದು ನಿಲ್ಲುವುದಿಲ್ಲ. ಕೆಲವು ಸಲ ಇನ್ನೂ ಹೆಚ್ಚಾಗುತ್ತದೆ.

ಯಾಕೆ ಅಂತ ನೋಡಿ. ಬ್ಯಾಗಿನ ತಳದಲ್ಲಿ ಗೋಂದು ಗೀಂದು ಏನೂ ಇರುವುದಿಲ್ಲ. ಬಿಸಿ ಬಾರ್ ಒತ್ತಿದಾಗ ಎರಡೂ ಪದರದ ಒಳಮೈ ಕರಗಿ, ಪಾಲಿಥಿನ್‌ನ ಉದ್ದುದ್ದ ಎಳೆಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಇದೇ ಸೀಲ್. ಅದಕ್ಕೆ ಬಿಸಿ, ಒತ್ತಡ, ಸಮಯ ಮೂರೂ ಬೇಕು. ಪಾಲಿಥಿನ್‌ನಲ್ಲೇ ಬಗೆಗಳಿವೆ: ಎಲ್‌ಡಿ ಸುಮಾರು 110 ಡಿಗ್ರಿಗೆ ಕರಗುತ್ತದೆ, ಎಲ್‌ಎಲ್‌ಡಿ 120ರ ಆಸುಪಾಸು, ಎಚ್‌ಡಿ 130. ಬಾರನ್ನು ಮಾತ್ರ ಅದಕ್ಕಿಂತ ತುಂಬಾ ಬಿಸಿ ಇಡಬೇಕು, ಸಮಯ ಸಿಗುವುದೇ ಕಮ್ಮಿ. ಮೆಷಿನ್ ನಿಮಿಷಕ್ಕೆ 100 ಬ್ಯಾಗ್ ಹೊಡೆದರೆ ಒಂದು ಬ್ಯಾಗಿಗೆ ಸಿಗುವುದು 0.6 ಸೆಕೆಂಡ್. ಅಷ್ಟರಲ್ಲೇ ಫಿಲ್ಮ್ (ಪಾಲಿಥಿನ್ ಹಾಳೆ) ಮುಂದೆ ಸರಿಯಬೇಕು, ಬಾರ್ ಇಳಿಯಬೇಕು, ಒತ್ತಬೇಕು, ಏಳಬೇಕು. ಈಗ ಫಿಲ್ಮ್ ದಪ್ಪ ಮಾಡಿ. ಪಾಲಿಥಿನ್ ಬಿಸಿಯನ್ನು ಬೇಗ ಒಳಗೆ ಬಿಡುವ ವಸ್ತುವಲ್ಲ. ಹೊರಮೈ ಕರಗಿರುತ್ತದೆ. ಒಳಗೆ ಪದರಗಳು ಸೇರುವ ಜಾಗಕ್ಕೆ ಬಿಸಿ ತಲುಪುವಷ್ಟರಲ್ಲಿ ಬಾರ್ ಎದ್ದಾಗಿರುತ್ತದೆ. ಸ್ಪೀಡ್ ಇಳಿಸಿದರೆ ಸರಿಹೋಗುತ್ತದೆ, ನಿಜ. ಆದರೆ ಸ್ಪೀಡ್ ಇಳಿಸಿ ಅಂದ ತಕ್ಷಣ ಶಿಫ್ಟಿನ ಟಾರ್ಗೆಟ್ ಯಾರು ಮುಟ್ಟಿಸುತ್ತಾರೆ ಅನ್ನುವ ಪ್ರಶ್ನೆ ಬರುತ್ತದೆ.

ಇದು ಅರ್ಧ ಕಥೆ. ಇನ್ನರ್ಧ ಗಸೆಟ್ ಅನ್ನುವ ಬದಿಯ ಮಡಿಕೆಯಲ್ಲಿದೆ.

ಒಂದು ಆಸ್ಪತ್ರೆಯಿಂದ ಹಳದಿ ಬ್ಯಾಗಿನ ದೂರು ಬಂತು. ಹೌಸ್‌ಕೀಪಿಂಗ್ ನೋಡಿಕೊಳ್ಳುವ ಮೇಡಂ ಮೊದಲೇ ದಪ್ಪವನ್ನು 50 ಮೈಕ್ರಾನ್‌ನಿಂದ 60ಕ್ಕೆ ಏರಿಸಿಕೊಂಡಿದ್ದರು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). "ನೀವು ದಪ್ಪ ಮಾಡಿದ ಮೇಲೂ ಟ್ರಾಲಿ ಒದ್ದೆಯಾಗುತ್ತೆ ಸರ್, ನಮ್ಮ ಹುಡುಗೀರು ಮುಟ್ಟೋಕೆ ಹೆದರ್ತಾರೆ" ಅಂದರು. ಹೆದರಿಕೆ ಸರಿಯಾದದ್ದೇ. ಹಳದಿ ಬ್ಯಾಗಿಗೆ ಬರುವುದು ರಕ್ತ ಅಂಟಿದ ಹತ್ತಿ, ಡ್ರೆಸ್ಸಿಂಗ್, ಆಪರೇಷನ್ನಿನ ತ್ಯಾಜ್ಯ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಇದನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ತಿರುಗಿಸಿ ನೋಡಿದರೆ, ಎರಡು ದಿನದ ತನಕ ಆ ಬ್ಯಾಗ್ ಒಳಗಿನ ದ್ರವವನ್ನು ಹಿಡಿದುಕೊಂಡು ಕೂತಿರಬೇಕಾಗಬಹುದು. ಸುಮ್ನೆ ಭಾರ ತಡೆದರೆ ಸಾಲದು. (ಹಳದಿ ಬ್ಯಾಗಿಗೆ ಕ್ಲೋರಿನ್ ಇರುವ ಪ್ಲಾಸ್ಟಿಕ್ ಬಳಸಬಾರದು ಅಂತಲೂ ನಿಯಮವಿದೆ. ಸುಡುವಾಗ ಡಯಾಕ್ಸಿನ್ ಎಂಬ ವಿಷ ಹುಟ್ಟಬಾರದು ಅಂತ. ನಮ್ಮದು ಪಾಲಿಥಿನ್, ಆ ತಲೆನೋವಿಲ್ಲ.)

ವಾಪಸ್ ಬಂದ ಲಾಟ್‌ನಲ್ಲಿ ಬಳಸದ ಬ್ಯಾಗುಗಳಿಗೆ ನೀಲಿ ಬಣ್ಣದ ನೀರು ತುಂಬಿ ನೇತುಹಾಕಿ, ಕೆಳಗೆ ಹಳೇ ಪೇಪರ್ ಹಾಸಿದೆವು. ಹನಿ ಬಿದ್ದದ್ದು ನಡುವಿನಿಂದಲೂ ಅಲ್ಲ, ಮೂಲೆಯಿಂದಲೂ ಅಲ್ಲ. ಎರಡೂ ಬದಿಯಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ, ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ.

ಬ್ಯಾಗ್ ಬಿಚ್ಚಿದಾಗ ಅಗಲವಾಗಲಿ ಅಂತ ಎರಡೂ ಬದಿಯನ್ನು ಒಳಕ್ಕೆ ಮಡಚಿರುತ್ತೇವೆ, ಅದೇ ಗಸೆಟ್. ಆ ಮಡಿಕೆ ಇರುವ ಕಡೆ ಬಾರ್ ಕೆಳಗೆ ನಾಲ್ಕು ಪದರ ಇರುತ್ತದೆ, ನಡುವೆ ಎರಡೇ. 50 ಮೈಕ್ರಾನ್ ಫಿಲ್ಮ್ ಆದರೆ ಬದಿಯಲ್ಲಿ 200 ಮೈಕ್ರಾನ್, ನಡುವೆ 100. ನಾಲ್ಕು ಮುಗಿದು ಎರಡು ಶುರುವಾಗುವಲ್ಲಿ ಒಂದು ಮೆಟ್ಟಿಲು ಆಗುತ್ತದೆ. ಆ ಮೆಟ್ಟಿಲಿನ ಬುಡಕ್ಕೆ ಬಾರ್ ಸರಿಯಾಗಿ ಒತ್ತುವುದಿಲ್ಲ. ಅಲ್ಲೊಂದು ಸಣ್ಣ ಕಾಲುವೆ ಉಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ಫಿಲ್ಮನ್ನು 60 ಮೈಕ್ರಾನ್ ಮಾಡಿದರೆ ಮೆಟ್ಟಿಲಿನ ಎತ್ತರ 100ರಿಂದ 120 ಆಗುತ್ತದೆ. ದುಡ್ಡು ಜಾಸ್ತಿ ಕೊಟ್ಟು ಕಾಲುವೆಯನ್ನು ದೊಡ್ಡದು ಮಾಡಿಸಿಕೊಂಡಂತಾಯಿತು, ಅಲ್ವಾ?

ಡಬಲ್ ಸೀಲ್ ಹಾಕೋಣ ಅಂತ ಪ್ರೊಡಕ್ಷನ್‌ನವರು ಹೇಳಿದರು. ಒಂದು ಗೆರೆಯಲ್ಲಿ ಎಲ್ಲೋ ತೂತಿದ್ದರೆ ಎರಡನೇ ಗೆರೆ ಕಾಪಾಡುತ್ತದೆ, ಅದು ಸರಿ. ಆದರೆ ಮೆಟ್ಟಿಲು ಎರಡೂ ಗೆರೆಗಳ ಕೆಳಗೆ ಅದೇ ಜಾಗದಲ್ಲಿ ಹಾದು ಹೋಗುತ್ತದೆ. ಸೋರುವುದು ನಿಧಾನವಾಯಿತು, ನಿಲ್ಲಲಿಲ್ಲ.

ಕೊನೆಗೆ ಹಳದಿ ಬ್ಯಾಗಿಗೆ ಗಸೆಟ್ಟನ್ನೇ ತೆಗೆದೆವು. ಮಡಿಕೆ ಇಲ್ಲದ ಅಗಲ ಟ್ಯೂಬು, ತಳದಲ್ಲಿ ನೇರ ಸೀಲ್, ಈ ತುದಿಯಿಂದ ಆ ತುದಿಗೆ ಎರಡೇ ಪದರ. ಮೈಕ್ರಾನ್ ವಾಪಸ್ 50ಕ್ಕೆ ತಂದೆವು. ಮಿಕ್ಸ್‌ನಲ್ಲಿ ಎಲ್‌ಎಲ್‌ಡಿ ಪಾಲು ಏರಿಸಿದೆವು. ಅದು ಸೇರಿದರೆ ಸೀಲ್ ಇನ್ನೂ ಬಿಸಿ ಇರುವಾಗಲೇ ಎಳೆತ ತಡೆಯುತ್ತದೆ.

ಹೋಟೆಲ್‌ಗಳ ತೆಳು ಕಪ್ಪು ಬ್ಯಾಗಿಗೆ ದಾರಿ ಬೇರೆ, ಅಲ್ಲಿ ಸ್ಟಾರ್ ಸೀಲ್. ಸೀರೆಯ ನೆರಿಗೆ ಸೇರಿಸಿದ ಹಾಗೆ ಟ್ಯೂಬನ್ನು ಮೇಲಿಂದ ಮೇಲೆ ಮಡಚಿ, ಎಂಟು ಅಥವಾ ಅದಕ್ಕೂ ಜಾಸ್ತಿ ಪದರವನ್ನು ಒಟ್ಟಿಗೆ ಒಂದು ಗಿಡ್ಡ ಸೀಲ್‌ನಲ್ಲಿ ಹಿಡಿಯುವುದು. ಬಿಚ್ಚಿದರೆ ತಳ ದುಂಡಗೆ ಬರುತ್ತದೆ, ಡ್ರಮ್ಮಿಗೆ ಚೆನ್ನಾಗಿ ಕೂರುತ್ತದೆ, ಭಾರ ಸುತ್ತಲೂ ಹಂಚಿಹೋಗುತ್ತದೆ. ಆದರೆ ಅಷ್ಟು ಪದರಕ್ಕೆ ಬಿಸಿ ಇಳಿಯಬೇಕಾದರೆ ಫಿಲ್ಮ್ ತೆಳುವಾಗಿರಲೇಬೇಕು. ಸ್ಟಾರ್ ಸೀಲ್ ಬೇಕು, ಜೊತೆಗೆ ದಪ್ಪವೂ ಬೇಕು ಅನ್ನುವವರಿಗೆ ಇದನ್ನು ಒಪ್ಪಿಸುವುದೇ ಕಷ್ಟ.

ಮೆಷಿನ್ ಹತ್ತಿರದ ಒಂದು ವಿಷಯ. ಬಾರ್ ಮೇಲೆ ಫಿಲ್ಮ್ ಅಂಟದಿರಲಿ ಅಂತ ಹಾಕುವ ಟೆಫ್ಲಾನ್ ಹೊದಿಕೆ ಸವೆದರೆ ಫಿಲ್ಮ್ ಅಂಟಿಕೊಳ್ಳುತ್ತದೆ. ಮೆಷಿನ್ ನಿಲ್ಲಿಸಿ ಟೆಫ್ಲಾನ್ ಬದಲಿಸುವ ಬದಲು ಆಪರೇಟರ್ ಟೆಂಪರೇಚರ್ ಹತ್ತು ಡಿಗ್ರಿ ಇಳಿಸುತ್ತಾನೆ. ಅಂಟುವುದು ನಿಂತಿತು, ಸೀಲ್ ಅರೆಬರೆಯಾಯಿತು. ಅವನನ್ನು ಬೈದು ಪ್ರಯೋಜನವಿಲ್ಲ. ಟೆಫ್ಲಾನ್ ಸ್ಟೋರ್‌ನಲ್ಲಿ ಬೀಗ ಹಾಕಿ ಇಟ್ಟಿದ್ದರೆ ರಾತ್ರಿ ಪಾಳಿಯವನು ಮತ್ತೇನು ಮಾಡಬೇಕು? ಈಗ ಒಂದು ರೋಲ್ ಮೆಷಿನ್ ಪಕ್ಕದಲ್ಲೇ ಇರುತ್ತದೆ. ಕೆಳಗಿನ ಸಿಲಿಕಾನ್ ರಬ್ಬರನ್ನೂ ಉಗುರಿನಿಂದ ಒತ್ತಿ ನೋಡುತ್ತೇವೆ. ಗಟ್ಟಿಯಾಗಿದ್ದರೆ ಒತ್ತಡ ಸಮನಾಗಿ ಬೀಳುವುದಿಲ್ಲ.

ಸೀಲ್ ನೋಡಲು ದೊಡ್ಡ ಲ್ಯಾಬ್ ಬೇಕಿಲ್ಲ. ಸೀಲಿನ ಎರಡೂ ಕಡೆ ಹಿಡಿದು ನಿಧಾನವಾಗಿ ಎಳೆಯಿರಿ. ಸಿಪ್ಪೆ ಸುಲಿದ ಹಾಗೆ ಬಿಚ್ಚಿಕೊಂಡರೆ ಬಿಸಿ ಸಾಲದು. ಸೀಲಿನ ಅಂಚಿನುದ್ದಕ್ಕೂ ನೇರ ಗೆರೆಯಲ್ಲಿ ಪಟ್ಟಂತ ಕಿತ್ತರೆ ಬಿಸಿ ಹೆಚ್ಚಾಗಿ ಅಲ್ಲಿ ಫಿಲ್ಮ್ ತೆಳುವಾಗಿದೆ. ಸೀಲ್ ಹಾಗೇ ಇದ್ದು ಪಕ್ಕದ ಫಿಲ್ಮ್ ಜಗ್ಗಿಕೊಂಡು ಹೋದರೆ ಒಳ್ಳೆಯದು. ಇದು ಬಲದ ಲೆಕ್ಕ ಮಾತ್ರ. ಸೋರುವುದಕ್ಕೆ ನೀರಿನ ಪರೀಕ್ಷೆಯೇ ಬೇಕು. ಎಳೆದಾಗ ಗಟ್ಟಿಯಿದ್ದ ಎಷ್ಟೋ ಬ್ಯಾಗ್ ನೀರಲ್ಲಿ ಫೇಲ್ ಆಗಿವೆ. ಅಗ್ಗದ ರೀಪ್ರೊಸೆಸ್ ದಾನಾ (ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದ ಕಾಳು) ಅಥವಾ ಕ್ಯಾಲ್ಸಿಯಂ ಪುಡಿಯ ಫಿಲ್ಲರ್ ಜಾಸ್ತಿಯಾದ ಲಾಟ್ ಎರಡೂ ಪರೀಕ್ಷೆಯಲ್ಲಿ ಫೇಲ್ ಆಗುತ್ತದೆ.

ನಮ್ಮ ಆರ್ಡರ್ ಫಾರಂನಲ್ಲಿ ಮೊದಲು ಸೈಜ್, ಮೈಕ್ರಾನ್, ಬಣ್ಣ ಅಷ್ಟೇ ಇತ್ತು. ಈಗ ಇನ್ನೆರಡು ಸಾಲು ಸೇರಿಸಿದ್ದೇವೆ: ಒಳಗೆ ದ್ರವ ಬರುತ್ತದಾ, ಬಿನ್ ದುಂಡಗಿದೆಯೋ ಚೌಕವೋ. ಆ ಆಸ್ಪತ್ರೆಯಿಂದ ಸೋರುವ ದೂರು ಮತ್ತೆ ಬಂದಿಲ್ಲ. ಗಸೆಟ್ ಇಲ್ಲದ ಬ್ಯಾಗ್ ಚೌಕ ಬಿನ್ನಿನಲ್ಲಿ ಸರಿಯಾಗಿ ಕೂರುವುದಿಲ್ಲ, ಮೂಲೆಯಲ್ಲಿ ಜಾಗ ಖಾಲಿ ಉಳಿಯುತ್ತದೆ ಅಂತ ಮೇಡಂ ಈಗ ಹೇಳುತ್ತಿದ್ದಾರೆ. ಅವರು ಹೇಳುವುದು ನಿಜ. ಅಗಲ ಇನ್ನೂ ಎರಡು ಇಂಚು ಏರಿಸಿ ಸ್ಯಾಂಪಲ್ ಕಳಿಸಿದ್ದೇವೆ.