ಕೊಡಲಿ ನೋಡೋಕೆ ಜಪಾನಿಗೆ

ಜಪಾನಿಗೆ ಹೋದವರು ಕತ್ತಿ ನೋಡಿ ಬರುತ್ತಾರೆ. ನನಗೆ ಬೇಕಿದ್ದದ್ದು ಕೊಡಲಿ.

ಶಿನ್-ಕೋಬೆ ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ ಹಾಕಿದರೆ ತಾಕೆನಾಕಾ ಬಡಗಿ ಹತಾರಗಳ ಮ್ಯೂಸಿಯಂ. ಒಳಗೆಲ್ಲ ಮರದ ಘಮ. ಮರ ಉರುಳಿಸೋ ಕೊಡಲಿಯ ಬಾಯಿ ಕಿರಿದು. ದಿಮ್ಮಿ ಕೆತ್ತಿ ತೊಲೆ ಮಾಡೋ ಮಸಕಾರಿ ಅನ್ನೋ ಕೊಡಲಿಯ ಬಾಯಿ ಅಗಲ. ಜಪಾನಿ ಕೊಡಲಿಯ ಅಲಗನ್ನು ಹತ್ತಿರದಿಂದ ನೋಡಬೇಕು, ಒಂದು ಮಗ್ಗುಲಲ್ಲಿ ಮೂರು ಗೆರೆ, ಇನ್ನೊಂದರಲ್ಲಿ ನಾಲ್ಕು. ಮೂರು ಗೆರೆ ದೇವರಿಗಿಡುವ ಅಕ್ಕಿ ಮದ್ಯಕ್ಕೆ, ನಾಲ್ಕು ಗೆರೆ ಮಣ್ಣು, ನೀರು, ಬೆಂಕಿ, ಗಾಳಿಗೆ ಅನ್ನುತ್ತಾರೆ. ಕಾಡಿಗೆ ಹೊರಟವನು ಪೂಜೆ ಸಾಮಾನು ಬೇರೆ ಹೊರಬೇಕಿಲ್ಲ, ಕೊಡಲಿಯಲ್ಲೇ ಇದೆ!

ಹಾಗಾದ್ರೆ ಇದು ಆಯುಧ ಅಲ್ವಾ? ಆಯುಧವೂ ಹೌದು, ಆದರೆ ಜಾಸ್ತಿ ಕಥೆಗಳಲ್ಲಿ. ಜಟ್ಟಿ ಸನ್ಯಾಸಿ ಬೆಂಕೆಯ್ ಬೆನ್ನಿಗೆ ಕಟ್ಟಿಕೊಂಡಿದ್ದ ಏಳು ಹತಾರಗಳಲ್ಲಿ ಮಸಕಾರಿಯೂ ಒಂದಂತೆ. ಕರಡಿ ಜೊತೆ ಕುಸ್ತಿ ಆಡೋ ಹುಡುಗ ಕಿಂತಾರೋ ಹೆಗಲ ಮೇಲೂ ಅದೇ. ಮೇ 5ರ ಮಕ್ಕಳ ಹಬ್ಬಕ್ಕೆ ಈಗಲೂ ಅವನ ಗೊಂಬೆ ಇಡುತ್ತಾರೆ. ಸಾಮುರಾಯ್‌ಗಳು ನಂಬಿದ್ದು ಮಾತ್ರ ಬಿಲ್ಲು, ಈಟಿ, ಕತ್ತಿಯನ್ನು. ಕೊಡಲಿಯ ಗತ್ತು ನೋಡಬೇಕಾದರೆ ಕಾಡಿಗೇ ಹೋಗಬೇಕು ಅನ್ನಿಸಿತು.

ನಗೋಯಾದಿಂದ ಕಿಸೊ ಕಣಿವೆಯ ರೈಲು ಹಿಡಿದು ಅಗೆಮತ್ಸುವಿನಲ್ಲಿ ಇಳಿದೆ, ಅಲ್ಲಿಂದ ಬಸ್ಸಿನಲ್ಲಿ ಅಕಾಸಾವಾ ಕಾಡು. ಸುಮಾರು 300 ವರ್ಷದ ಹಿನೋಕಿ (ಜಪಾನಿ ಸೈಪ್ರಸ್) ಮರಗಳು, ತಲೆ ಎತ್ತಿ ಎತ್ತಿ ಕತ್ತು ನೋವು. ಅಲ್ಲಿನ ಪುಟಾಣಿ ರೈಲಿಗೆ ಜನ ಮುಗಿಬಿದ್ದಿದ್ದರು, ನಾನು ಸುಮ್ನೆ ನಡೆದೆ. ಜಪಾನಿನ ಶಿಂಟೋ ಧರ್ಮದ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರಲ್ಲ, ಅದಕ್ಕಾಗಿ 1985ರಲ್ಲಿ ಮರ ಕಡಿದ ಜಾಗ ಈ ಕಾಡಲ್ಲೇ ಇದೆ.

ದೇಗುಲಕ್ಕೆ ಮರ ಕಡಿಯೋ ಆ ಶಾಸ್ತ್ರಕ್ಕೆ ಗರಗಸ ಇಲ್ಲ, ಬರೀ ಕೊಡಲಿ. ಬುಡವನ್ನು ಮೂರು ಕಡೆಯಿಂದ ಕೆತ್ತುತ್ತಾ ಕೆತ್ತುತ್ತಾ ನಡುವೆ ತೂತು ಕೂಡಿಸುತ್ತಾರೆ, ಅಷ್ಟು ದೊಡ್ಡ ಮರ ಮೂರೇ ಕಾಲಿನ ಮೇಲೆ ನಿಂತಿರುತ್ತದೆ. ಕೊನೆಗೆ ಹಿಂದಿನ ಕಾಲಿಗೆ ಏಟು. ಮರ ಗುರಿ ಇಟ್ಟ ಕಡೆಗೇ ಬೀಳುತ್ತದೆ, ದಿಮ್ಮಿ ಸೀಳುವುದಿಲ್ಲ. ಆಮೇಲೆ ಅದರ ತುದಿಯ ಕೊಂಬೆಯನ್ನೇ ತಂದು ಬುಡದಲ್ಲಿ ನೆಡುತ್ತಾರೆ. ಯಾವ ಯುದ್ಧದ ಕಥೆಗಿಂತ ಇದು ಕಮ್ಮಿ ಹೇಳಿ! 2033ರ ದೇಗುಲಕ್ಕೆ ಅಂತ 2025ರ ಜೂನ್‌ನಲ್ಲಿ ಅಗೆಮತ್ಸುವಿನಲ್ಲಿ ಎರಡು ಮರ ಹೀಗೇ ಕೆಡವಿದರು, ಒಂದರ ಮೇಲೊಂದು ಅಡ್ಡ ಬೀಳುವ ಹಾಗೆ.

ಹೋಗುವವರಿಗೆ ಒಂದು ಮಾತು: ಚಳಿಗಾಲದಲ್ಲಿ ಅಕಾಸಾವಾಗೆ ಬಸ್ಸಿಲ್ಲ. ಕೋಬೆ ಮ್ಯೂಸಿಯಂಗೆ ಸೋಮವಾರ ರಜೆ.