ಸ್ವೀಡನ್ನಿನ ಪಿಂಚಣಿ, ನಮ್ಮೂರಿನ ಬೀಡಿ ಪಿಂಚಣಿ

1992ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಕೇಂದ್ರ ಬ್ಯಾಂಕು ಬಡ್ಡಿ ದರವನ್ನು ಶೇ 500ಕ್ಕೆ ಏರಿಸಿತ್ತು. ಹೌದು, ಐನೂರು. ತಮ್ಮ ಹಣ ಕ್ರೋನಾದ ಬೆಲೆ ಬೀಳದಂತೆ ಹಿಡಿದಿಡಲು ಅಷ್ಟು ಮಾಡಿದರೂ ನವೆಂಬರಿನಲ್ಲಿ ಆ ಪ್ರಯತ್ನ ಕೈಬಿಡಬೇಕಾಯಿತು. ಮನೆ, ಜಾಗದ ಬೆಲೆ ಕುಸಿದು ಬ್ಯಾಂಕುಗಳು ಮುಳುಗುವ ಹಂತಕ್ಕೆ ಬಂದವು, ಹೆಚ್ಚುಕಡಿಮೆ ಎಲ್ಲರಿಗೂ ಕೆಲಸವಿದ್ದ ದೇಶದಲ್ಲಿ ನಿರುದ್ಯೋಗ ಶೇ 8 ದಾಟಿತು.

ಜನರಿಗೆ ಸವಲತ್ತು ಕೊಟ್ಟರೆ ದೇಶ ದಿವಾಳಿ, ಸವಲತ್ತಿಗೆ ಹೆಸರಾದ ಸ್ವೀಡನ್ನನ್ನೇ ನೋಡಿ ಅಂತ ಮಂಗಳೂರಿನಲ್ಲೂ ದಿನಾ ಕೇಳುತ್ತೇನೆ. ಅಂಥವರು ಸ್ವೀಡನ್ ಆಮೇಲೆ ಏನು ಮಾಡಿತು ಅಂತ ನೋಡಬೇಕು. ಖರ್ಚು ಕಡಿಮೆ ಮಾಡಿದರು, ಸುಳ್ಳಲ್ಲ. ಕಾಯಿಲೆ ರಜೆಯ ಮೊದಲ ದಿನದ ಭತ್ಯೆ ನಿಲ್ಲಿಸಿದರು. ಪ್ರತಿ ಮಗುವಿಗೆ ತಿಂಗಳಿಗೆ ಕೊಡುತ್ತಿದ್ದ 750 ಕ್ರೋನಾವನ್ನು 1996ರಲ್ಲಿ 640ಕ್ಕೆ ಇಳಿಸಿದರು. ಆದರೆ ಜಾಸ್ತಿ ಸಂಬಳದವರ ಮೇಲಿನ ತೆರಿಗೆಯನ್ನೂ ಏರಿಸಿದರು. ಲೆಕ್ಕ ಸರಿಹೋಗುತ್ತಿದ್ದಂತೆ, 1998ರಲ್ಲಿ, ಮಕ್ಕಳ ದುಡ್ಡು ಮತ್ತೆ 750 ಆಯಿತು. ಕಷ್ಟಕಾಲದಲ್ಲಿ ಕಿತ್ತುಕೊಂಡಿದ್ದನ್ನು ವಾಪಸ್ ಕೊಟ್ಟ ಸರಕಾರಗಳು ಎಷ್ಟಿವೆ ಹೇಳಿ?

ದೊಡ್ಡ ಕೆಲಸ ನಡೆದಿದ್ದು ಪಿಂಚಣಿಯಲ್ಲಿ. ಹಳೆ ಪದ್ಧತಿಯಲ್ಲಿ ಒಬ್ಬರ ಸಂಬಳ ಅತಿ ಹೆಚ್ಚಿದ್ದ 15 ವರ್ಷಗಳ ಲೆಕ್ಕ ಹಿಡಿಯುತ್ತಿದ್ದರು. ಕೊನೆಕೊನೆಗೆ ಸಂಬಳ ಏರಿದವರಿಗೆ ಅದು ಲಾಭ, ಚಿಕ್ಕ ವಯಸ್ಸಿನಿಂದ ಒಂದೇ ಸಮ ಕಡಿಮೆ ಕೂಲಿಗೆ ದುಡಿದವರಿಗೆ ನಷ್ಟ. 1994ರಲ್ಲಿ ಆಡಳಿತ, ವಿರೋಧ ಎನ್ನದೆ ಐದು ಪಕ್ಷಗಳು ಒಪ್ಪಂದಕ್ಕೆ ಬಂದು, 1998ರಲ್ಲಿ ಕಾನೂನು ಮಾಡಿದವು. ಈಗ ಇಡೀ ಜೀವಮಾನದ ಗಳಿಕೆ ಲೆಕ್ಕಕ್ಕೆ ಬರುತ್ತದೆ. ಮಗು ಚಿಕ್ಕದಿರುವಾಗ ದುಡಿಯಲಾಗದ ವರ್ಷಗಳೂ ಸೇರುತ್ತವೆ. ಏನೂ ಇಲ್ಲದವರಿಗೆ ಕನಿಷ್ಠ ಪಿಂಚಣಿಯ ಖಾತ್ರಿ ಇದೆ, ಅದು ಬೆಲೆಯೇರಿಕೆ ಜೊತೆ ಏರುತ್ತದೆ. ಪಿಂಚಣಿಗೆ ದುಡ್ಡು ಸಾಕಾಗದ ವರ್ಷ ಗಳಿಕೆ ಆಧಾರದ ಪಿಂಚಣಿ ತಾನಾಗಿಯೇ ಇಳಿಯುತ್ತದೆ, 2010ರಲ್ಲಿ ಇಳಿದಿತ್ತು ಕೂಡ. ಅದು ಕಹಿಯೇ. ಆದರೂ ಪ್ರತಿ ವರ್ಷ ಮನೆಗೆ ಬರುವ ಕಿತ್ತಳೆ ಬಣ್ಣದ ಲಕೋಟೆಯಲ್ಲಿ ನಿಮ್ಮ ಹೆಸರಲ್ಲಿ ಎಷ್ಟಿದೆ ಅಂತ ಬರೆದಿರುತ್ತದೆ.

ಇಲ್ಲಿ ನಮ್ಮ ದೊಡ್ಡಮ್ಮನನ್ನು ನೋಡಿ. ಮದುವೆಗೆ ಮೊದಲೇ ಬೀಡಿ ಕಟ್ಟಲು ಕೂತವರು. ಮಡಿಲಲ್ಲಿ ಮೊರ, ಪಕ್ಕದಲ್ಲಿ ನೀರು ಚಿಮುಕಿಸಿದ ಎಲೆ, ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿ ಲೆಕ್ಕ ಕೊಟ್ಟು ಬರುವುದು. ಪಿ.ಎಫ್. ಕಟ್ಟಿದ್ದರಿಂದ ಪಿಂಚಣಿ ಬರುತ್ತದೆ, ತಿಂಗಳಿಗೆ ಸಾವಿರ ರೂಪಾಯಿ. ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ಬೆರಳಚ್ಚು ಕೊಡಲು ಹೋಗುತ್ತಾರೆ. ಎಲೆ ಮಡಚಿ ಮಡಚಿ ಬೆರಳ ಗೆರೆಗಳೇ ಸವೆದಿವೆ, ಯಂತ್ರ ಹಿಡಿಯುವುದಿಲ್ಲ. ಒಂದೊಂದೇ ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಇಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಈ ಪಿ.ಎಫ್. ಪಿಂಚಣಿ ಯೋಜನೆಯ ಕನಿಷ್ಠ ಪಿಂಚಣಿ ಸಾವಿರ ಅಂತ ಗೊತ್ತುಮಾಡಿದ್ದು 2014ರಲ್ಲಿ. ಆಮೇಲೆ ಕುಚ್ಚಲಕ್ಕಿಗೆ ಏನಾಯಿತು, ಬೂತಾಯಿ ಮೀನಿಗೆ ಏನಾಯಿತು ಅಂತ ಮಾರ್ಕೆಟ್ಟಿಗೆ ಹೋಗುವ ಎಲ್ಲರಿಗೂ ಗೊತ್ತು. ಇದೇ ದೇಶದಲ್ಲಿ ಕೇಂದ್ರ ಸರಕಾರದ ನಿವೃತ್ತರಿಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಪರಿಷ್ಕರಣೆ ಆಗುತ್ತದೆ. ಅವರಿಗೆ ಬೇಡ ಅನ್ನುತ್ತಿಲ್ಲ. ಬೀಡಿ ಕಟ್ಟಿದವರಿಗೆ ಯಾಕಿಲ್ಲ ಅಂತಷ್ಟೇ ಕೇಳುವುದು. ದುಡ್ಡಿಲ್ಲ ಅಂದರೆ ನಿಧಿಯಲ್ಲಿ ಎಷ್ಟಿದೆ, ಎಷ್ಟು ವರ್ಷಕ್ಕೆ ಸಾಕು, ಕೊರತೆಯನ್ನು ಯಾರು ಎಷ್ಟು ಹೊರಬೇಕು ಅಂತ ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳಲಿ. ಅದಕ್ಕೂ ಮೊದಲು 2014ರ ಆ ಸಾವಿರಕ್ಕೆ ಇಷ್ಟು ವರ್ಷದ ಬೆಲೆಯೇರಿಕೆ ಸೇರಿಸಿ, ಅಲ್ಲಿಂದ ಮಾತು ಶುರು ಮಾಡಲಿ.