ನಾಲ್ಕು ಜಿಬಿ ಲ್ಯಾಪ್‌ಟಾಪಿನಲ್ಲಿ ಮೆಣಸಿನ ದಾರಿ

ಕಳೆದ ಎರಡು ಮಳೆಗಾಲಗಳಿಂದ ನಾನೊಂದು ಆರ್‌ಪಿಜಿ, ಅಂದರೆ ಆಟಗಾರ ಪಾತ್ರವೊಂದನ್ನು ವಹಿಸಿಕೊಂಡು ಕಥೆಯಲ್ಲಿ ಸಾಗುವ ಕಂಪ್ಯೂಟರ್ ಆಟ, ಕಟ್ಟುತ್ತಿದ್ದೇನೆ. ಶಿರಸಿ ಸೀಮೆಯ ಹುಡುಗನೊಬ್ಬ ಹೇರೆತ್ತಿನ ಬೆನ್ನಿಗೆ ಕಾಳುಮೆಣಸು ಹೊರಿಸಿಕೊಂಡು ದೇವಿಮನೆ ಘಟ್ಟ ಇಳಿಯುತ್ತಾನೆ, ಮಿರ್ಜಾನ್ ಕೋಟೆಯ ಕೆಳಗಿನ ಧಕ್ಕೆಯಲ್ಲಿ ಚೌಕಾಸಿ ಮಾಡುತ್ತಾನೆ, ಉಪ್ಪು ತುಂಬಿಕೊಂಡು ಮರಳುತ್ತಾನೆ, ಕಥೆ ಇಷ್ಟೇ. ಕಾಲ 16ನೇ ಶತಮಾನದ ಉತ್ತರಾರ್ಧ, ಅಂದರೆ ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಆಳ್ವಿಕೆಯ ಕಾಲ. ಇದನ್ನು ಕಟ್ಟುತ್ತಿರುವ ಯಂತ್ರವಾದರೋ ಅಣ್ಣನ ಮಗನ ಆನ್‌ಲೈನ್ ಪಾಠಕ್ಕೆಂದು ಕೊಂಡು, ಶಾಲೆ ತೆರೆದ ಮೇಲೆ ಕಪಾಟು ಸೇರಿದ್ದ ಒಂದು ಕ್ರೋಮ್‌ಬುಕ್, ಅಂದರೆ ಗೂಗಲ್‌ನ ಕ್ರೋಮ್ ಓಎಸ್ ನಡೆಸುವ ಲ್ಯಾಪ್‌ಟಾಪ್. 4 ಜಿಬಿ ರ‍್ಯಾಮ್, 32 ಜಿಬಿ ಸಂಗ್ರಹ, ಸೆಲೆರಾನ್ ಪ್ರೊಸೆಸರ್. ಫ್ಯಾನ್ ಇಲ್ಲ, ಸದ್ದಿಲ್ಲ. ಮಳೆಗಾಲದಲ್ಲಿ ನಮ್ಮ ಊರಿಗೆ ಕರೆಂಟ್ ಬರುವುದು ಲೈನಿನ ಮೇಲೆ ಬಿದ್ದ ಮರ ಕಡಿದ ಮೇಲೆಯೇ ಆದ್ದರಿಂದ, ಒಮ್ಮೆ ಚಾರ್ಜ್ ಮಾಡಿದರೆ ಇಡೀ ಹಗಲು ನಡೆಯುವ ಈ ಯಂತ್ರ ನನ್ನ ಪಾಲಿಗೆ ಹೆಚ್ಚು ಬಲವಾದ ಯಂತ್ರಕ್ಕಿಂತ ಉಪಯುಕ್ತವಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ತೊಂದರೆ ಇರುವುದು ತಂತ್ರಾಂಶದಲ್ಲಿ. ಆರ್‌ಪಿಜಿ ಮಾಡುವವರು ಸಾಮಾನ್ಯವಾಗಿ ಮೊದಲು ಹೆಸರಿಸುವ ಆರ್‌ಪಿಜಿ ಮೇಕರ್ ವಿಂಡೋಸ್‌ಗಾಗಿ ಬೆಳೆದದ್ದು. ಕ್ರೋಮ್ ಓಎಸ್‌ಗೆ ಅದರ ಆವೃತ್ತಿ ಇಲ್ಲ. 2011ರಲ್ಲಿ ಮಾರುಕಟ್ಟೆಗೆ ಬಂದಾಗ ಕ್ರೋಮ್‌ಬುಕ್ ಎಂದರೆ ಹೆಚ್ಚುಕಡಿಮೆ ಬರೀ ಬ್ರೌಸರ್ ಆಗಿತ್ತು. 2018ರಲ್ಲಿ ಗೂಗಲ್ ಅದರೊಳಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ನಡೆಸುವ ಸೌಲಭ್ಯವನ್ನು ಘೋಷಿಸಿದ ಮೇಲೆ ದಾರಿ ತೆರೆಯಿತು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿದರೆ ಡೆಬಿಯನ್ ಲಿನಕ್ಸಿನ ಒಂದು ಪೆಟ್ಟಿಗೆ ಪ್ರತ್ಯೇಕವಾಗಿ ತೆರೆದುಕೊಳ್ಳುತ್ತದೆ. ಒಳಗೆ ಏನೇ ಕೆಟ್ಟರೂ ಹೊರಗಿನ ವ್ಯವಸ್ಥೆಗೆ ತಾಗುವುದಿಲ್ಲ. ಆದರೆ ಆ ಪೆಟ್ಟಿಗೆಗೂ ಇದೇ 4 ಜಿಬಿಯಲ್ಲಿ ಪಾಲು ಬೇಕು, ಇದೇ 32 ಜಿಬಿಯಲ್ಲಿ ಜಾಗ ಬೇಕು. ಹಳೆಯ ಕ್ರೋಮ್‌ಬುಕ್ ಕೊಳ್ಳಲು ಹೊರಟವರು ಪ್ರೊಸೆಸರ್ ಇಂಟೆಲ್ ಬಗೆಯದೋ ಆರ್ಮ್ ಬಗೆಯದೋ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು, ಏಕೆಂದರೆ ಲಿನಕ್ಸಿನ ಎಷ್ಟೋ ಸಿದ್ಧ ಪ್ರೋಗ್ರಾಂಗಳು ಇಂಟೆಲ್ ಬಗೆಗೆ ಮಾತ್ರ ದೊರೆಯುತ್ತವೆ.

ಬ್ರೌಸರಿನಲ್ಲೇ ನಡೆಯುವ ಸಾಧನಗಳನ್ನೂ ನೋಡಿದೆ. ಬಿಟ್ಸಿ ಬಹಳ ಮುದ್ದಾದದ್ದು, ಒಂದು ಸಂಜೆಯಲ್ಲಿ ಪುಟ್ಟ ಆಟವೊಂದನ್ನು ಮುಗಿಸಿಬಿಡಬಹುದು. ಆದರೆ ವ್ಯಾಪಾರದ ಲೆಕ್ಕ ಇಡಲು ಅದು ಸಾಲದು. ಜಿಡೆವೆಲಪ್ ಚೆನ್ನಾಗಿಯೇ ನಡೆಯಿತು, ನೆಟ್‌ವರ್ಕ್ ಇದ್ದ ದಿನ. ಕೊನೆಗೆ ನೆಲೆ ನಿಂತದ್ದು ಗೊಡೊ ಎಂಬ, ಆಟ ಕಟ್ಟುವ ಮುಕ್ತ ತಂತ್ರಾಂಶದಲ್ಲಿ (ಇಂಥದ್ದನ್ನು ಆಟದ ಎಂಜಿನ್ ಎನ್ನುತ್ತಾರೆ). ಅರ್ಜೆಂಟೀನಾದ ಇಬ್ಬರು ಪ್ರೋಗ್ರಾಮರುಗಳು ಆರಂಭಿಸಿ 2014ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಇದಕ್ಕೆ ಅನುಸ್ಥಾಪನೆಯ ರಗಳೆಯೇ ಇಲ್ಲ. ಇಳಿಸಿಕೊಂಡ ಒಂದು ಫೈಲನ್ನು ತೆರೆದರೆ ಆಯಿತು. ಅದರ ನಾಲ್ಕನೆಯ ಆವೃತ್ತಿ ಚಿತ್ರ ಬಿಡಿಸಲು ಮೊದಲು ವಲ್ಕನ್ ಎಂಬ ವ್ಯವಸ್ಥೆಯನ್ನು ಕೇಳುತ್ತದೆ, ನನ್ನ ಲಿನಕ್ಸ್ ಪೆಟ್ಟಿಗೆಯಲ್ಲಿ ಅದು ಸಿಗಲಿಲ್ಲ. ಹೊಸ ಪ್ರಾಜೆಕ್ಟ್ ತೆರೆಯುವಾಗ ಕಂಪ್ಯಾಟಿಬಿಲಿಟಿ ಎಂಬುದನ್ನು ಆರಿಸಿದರೆ ಹಳೆಯ ಓಪನ್‌ಜಿಎಲ್ ಮೂಲಕ ಕೆಲಸ ಸಾಗುತ್ತದೆ, ಎರಡು ಆಯಾಮದ ಆಟಕ್ಕೆ ಅದರಿಂದ ಯಾವ ಕೊರತೆಯೂ ಕಾಣಲಿಲ್ಲ. ಈ ಒಂದು ಆಯ್ಕೆ ಗೊತ್ತಿಲ್ಲದೆ ನಾನು ಮೂರು ದಿನ ಕಪ್ಪು ಪರದೆ ನೋಡಿಕೊಂಡು ಕುಳಿತಿದ್ದೆ.

ಆರ್‌ಪಿಜಿ ಎಂಬ ಪ್ರಕಾರವೇ ಬಡ ಯಂತ್ರಗಳಲ್ಲಿ ಹುಟ್ಟಿ ಬೆಳೆದದ್ದು. 1986ರಲ್ಲಿ ಜಪಾನಿನಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್ ಇಡಿಯಾಗಿ 64 ಕೆಬಿಯಲ್ಲಿ ಕುಳಿತಿತ್ತು. ಅಕ್ಷರಗಳಿಗೂ ಜಾಗ ಸಾಲದೆ, ಕಟಕಾನ ಲಿಪಿಯ ಆಯ್ದ ಕೆಲವೇ ಅಕ್ಷರಗಳನ್ನು ಇಟ್ಟುಕೊಂಡು, ಅವುಗಳಿಂದ ಬರೆಯಬಹುದಾದ ಹೆಸರುಗಳನ್ನೇ ರಾಕ್ಷಸರಿಗೆ ಇಡಬೇಕಾಯಿತು. ಸರದಿಯ ಪ್ರಕಾರ ನಡೆಯುವ ಆಟದಲ್ಲಿ ಆಟಗಾರ ಯೋಚಿಸುವಾಗ ಯಂತ್ರಕ್ಕೂ ಬಿಡುವು. ನನ್ನ ಆಟದಲ್ಲಿ ಕಾಳಗಕ್ಕಿಂತ ಚೌಕಾಸಿ ಹೆಚ್ಚು, ಹಾಗಾಗಿ ಬಿಡುವೂ ಹೆಚ್ಚು.

ರ‍್ಯಾಮ್ ತಿನ್ನುವುದು ಚಿತ್ರಗಳು, ಅದೂ ನಾವು ಎಣಿಸದ ರೀತಿಯಲ್ಲಿ. ಒಂದು ಪಿಎನ್‌ಜಿ ಚಿತ್ರ ಡಿಸ್ಕಿನಲ್ಲಿ 200 ಕೆಬಿ ಇದ್ದರೂ ಆಟದಲ್ಲಿ ತೆರೆದಾಗ ಪ್ರತಿಯೊಂದು ಚುಕ್ಕೆಗೂ (ಪಿಕ್ಸೆಲ್‌ಗೂ) ನಾಲ್ಕು ಬೈಟ್ ಬೇಕು. 2048ಕ್ಕೆ 2048 ಅಳತೆಯ ಹಾಳೆಯೊಂದು 16 ಎಂಬಿ ಹಿಡಿಯುತ್ತದೆ, 512ಕ್ಕೆ 512ರದ್ದು ಒಂದೇ ಎಂಬಿ. ಈ ಲೆಕ್ಕ ತಿಳಿದ ಮೇಲೆ ಘಟ್ಟದ ದಾರಿಯನ್ನು ಒಂದೇ ದೊಡ್ಡ ಚಿತ್ರವಾಗಿ ಬರೆಯುವ ಆಸೆ ಬಿಟ್ಟು, 16 ಚುಕ್ಕೆ ಅಗಲ, 16 ಚುಕ್ಕೆ ಎತ್ತರದ ತುಂಡುಗಳನ್ನು ಬರೆದು ಟೈಲ್ಡ್ ಎಂಬ ಹಗುರವಾದ ನಕ್ಷೆ ಸಾಧನದಲ್ಲಿ ಜೋಡಿಸತೊಡಗಿದೆ. ಉಚಿತವಾಗಿ ಸಿಗುವ ತುಂಡುಗಳಿಗೇನೂ ಬರವಿಲ್ಲ. 2012ರ ಲಿಬರೇಟೆಡ್ ಪಿಕ್ಸೆಲ್ ಕಪ್ ಸ್ಪರ್ಧೆಗಾಗಿ ತಯಾರಾದ ಚಿತ್ರಗಳನ್ನು ಇಂದಿಗೂ ಜನ ಬಳಸುತ್ತಾರೆ. ಆದರೆ ಅಲ್ಲಿರುವುದು ಯುರೋಪಿನ ಹಳ್ಳಿ. ಓಕ್ ಮರಗಳ ನಡುವೆ ಶಿರಸಿಯ ಹುಡುಗನನ್ನು ನಡೆಸಿದರೆ ಅವನು ಪ್ರವಾಸಿಯಂತೆ ಕಾಣುತ್ತಾನೆ. ಅಡಿಕೆ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಸೋಗೆಯ ಮಾಡು, ಪಾತಿದೋಣಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಒಡ್ಡು, ಇವನ್ನೆಲ್ಲ ನಾನೇ ಬರೆದೆ. ಹದಿನಾರು ಚುಕ್ಕೆಯ ಅಗಲದಲ್ಲಿ ಅಡಿಕೆ ಮರದ ಕಾಂಡಕ್ಕೆ ಎರಡು ಚುಕ್ಕೆ ಸಾಕು; ಆಮೇಲೆ ಬಳ್ಳಿಗೆ ಜಾಗ ಹುಡುಕುವುದು ತೋಟದಲ್ಲಿ ಬಳ್ಳಿ ಕಟ್ಟುವುದಕ್ಕಿಂತ ಕಷ್ಟವಾಯಿತು. ಉಪ್ಪಿನಾಗರವನ್ನು ಇಂದಿನ ಸಾಣಿಕಟ್ಟಾ ನೋಡಿಕೊಂಡು ಬರೆದಿದ್ದೇನೆ.

ಯಂತ್ರದ ಸಣ್ಣತನದೊಂದಿಗೆ ಹೀಗೆ ಒಪ್ಪಂದ ಸಾಧ್ಯವಾಯಿತು. ನಿಜವಾದ ಜಗಳ ನಡೆದದ್ದು ಕನ್ನಡ ಅಕ್ಷರಗಳೊಂದಿಗೆ, ಅದಕ್ಕೂ 4 ಜಿಬಿಗೂ ಸಂಬಂಧವೇ ಇಲ್ಲ.

ಮಿರ್ಜಾನ್ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಓದುವವರಿಗೆ ಅದರಲ್ಲಿ ಮೂರು ಅಕ್ಷರಗಳು: ಮಿ, ರ್ಜಾ, ನ್. ಕಂಪ್ಯೂಟರ್ ಲಿಪಿಗಳನ್ನು ಗುರುತಿಸುವ ಯುನಿಕೋಡ್ ಲೆಕ್ಕದಲ್ಲಿ ಎಂಟು ಸಂಕೇತಗಳು, ಏಕೆಂದರೆ ಗುಣಿತ ಬೇರೆ, ಹಲಂತ ಬೇರೆ, ಒತ್ತಾಗಬೇಕಾದ ವ್ಯಂಜನ ಬೇರೆ. ಸಾಲದ್ದಕ್ಕೆ ಇಲ್ಲಿ ಅರ್ಕಾವತ್ತು ಇದೆ. ಬರೆಯುವಾಗ ರಕಾರ ಮೊದಲು, ಕಾಣುವಾಗ ಅದು ಜಾ ಆದ ಮೇಲೆ. ಈ ಎಂಟು ಸಂಕೇತಗಳನ್ನು ಮೂರು ಅಕ್ಷರಗಳಾಗಿ ಹೆಣೆಯುವ ಕೆಲಸ ಬ್ರೌಸರುಗಳಲ್ಲಿ ಎಂದೋ ಆಗಿದೆ, ಹಾಗಾಗಿ ನಾವು ಅದನ್ನು ಗಮನಿಸುವುದೇ ಇಲ್ಲ. ಆಟದ ಎಂಜಿನುಗಳಲ್ಲಿ ಹಾಗಿಲ್ಲ. ಗೊಡೊದ ಮೂರನೆಯ ಆವೃತ್ತಿಯಲ್ಲಿ ಈ ಹೆಣಿಗೆ ಇರಲಿಲ್ಲ. ಮಾರ್ಚ್ 2023ರಲ್ಲಿ ಬಂದ ನಾಲ್ಕನೆಯದರಲ್ಲಿ ಅದು ಸೇರಿತು. ಹಗುರವಾದ ಮೂರನೆಯದು ನನ್ನ ಯಂತ್ರಕ್ಕೆ ಹೆಚ್ಚು ಒಗ್ಗುತ್ತಿತ್ತು, ಆದರೂ ನಾಲ್ಕನ್ನೇ ಆರಿಸಿದ್ದಕ್ಕೆ ಇದೊಂದೇ ಕಾರಣ. (ಇನ್ನೊಂದು ತಮಾಷೆ: ರ‍್ಯಾಮ್ ಎಂಬ ಪದವನ್ನು ಕನ್ನಡದಲ್ಲಿ ಸರಿಯಾಗಿ ಮೂಡಿಸಬೇಕಾದರೆ ರಕಾರದ ಬಳಿಕ ಕಣ್ಣಿಗೆ ಕಾಣದ ಒಂದು ಸಂಕೇತವನ್ನೂ ಹಾಕಬೇಕು, ಇಲ್ಲದಿದ್ದರೆ ಅದು ಅರ್ಕಾವತ್ತಾಗಿ ಹಾರಿ ಕೂರುತ್ತದೆ. ರ‍್ಯಾಮ್ ಸಾಲದು ಎಂದು ದೂರಲೂ ಒಂದು ಸಂಕೇತ ಹೆಚ್ಚು ಖರ್ಚು.)

ಆರ್‌ಪಿಜಿಗಳಲ್ಲಿ ಮಾತು ಒಂದೊಂದೇ ಅಕ್ಷರವಾಗಿ, ಟೈಪ್ ಮಾಡಿದಂತೆ ಮೂಡುವ ರೂಢಿ ಇದೆ. ನಾನೂ ಹಾಗೆ ಮಾಡಿದೆ. ಆಗ ನಡೆದದ್ದೇನೆಂದರೆ, ಪೂರ್ತಿ ವಾಕ್ಯ ಸರಿಯಾಗಿ ಕಂಡರೂ ಅದು ಮೂಡುವ ಹಾದಿಯಲ್ಲಿ ಮಿ ಆದ ಮೇಲೆ ರ, ಆಮೇಲೆ ರ್, ಆಮೇಲೆ ಇದ್ದಕ್ಕಿದ್ದಂತೆ ರಕಾರ ಮಾಯವಾಗಿ ಜ ಬಂದು ಅದರ ಬೆನ್ನಿಗೆ ಅರ್ಕಾವತ್ತು. ಉಪ್ಪಿನ ವ್ಯಾಪಾರಿಯ ಮಾತನ್ನು ಓದುತ್ತಿದ್ದ ಅಣ್ಣನ ಮಗ, "ಅತ್ತೆ, ಇಂವ ಒತ್ತು ಮರ್ತು ಆಮೇಲೆ ಹಾಕ್ತ" ಎಂದ. ಎರಡನೇ ಇಯತ್ತೆಯ ಹುಡುಗರ ಕಾಪಿಯನ್ನು ನೆನಪಿಸುವ ಹಾಗೆ ಇದ್ದದ್ದು ನಿಜ. ಕಾರಣ ಹುಡುಕಿದಾಗ ತಿಳಿದದ್ದು ಇಷ್ಟು: ಎಷ್ಟು ಅಕ್ಷರ ತೋರಿಸಬೇಕು ಎಂಬ ಕತ್ತರಿಯನ್ನು ಗೊಡೊ ತಾನಾಗಿ ಹೆಣಿಗೆಗೆ ಮೊದಲೇ ಹಾಕುತ್ತದೆ, ಹಾಗಾಗಿ ಅರ್ಧ ಕತ್ತರಿಸಿದ ಸಂಕೇತಗಳನ್ನು ಪ್ರತಿ ಹೆಜ್ಜೆಗೂ ಹೊಸದಾಗಿ ಹೆಣೆಯುತ್ತದೆ. ಹೆಣಿಗೆಯಾದ ಮೇಲೆ ಕತ್ತರಿಸು ಎಂಬ ಆಯ್ಕೆಯೂ ಅದೇ ಪಟ್ಟಿಯಲ್ಲಿದೆ. ಅದನ್ನು ಒತ್ತಿದ ಮೇಲೆ ರ್ಜಾ ಒಂದೇ ಸಲಕ್ಕೆ ಮೂಡಿತು.

ಇದೇ ಕಷ್ಟ ಆರ್‌ಪಿಜಿ ಮೇಕರ್ ಎಂವಿ ಬಳಸುವವರಿಗೂ ಬರುತ್ತದೆ. ಅದು ಜಾವಾಸ್ಕ್ರಿಪ್ಟಿನಲ್ಲಿ ನಡೆಯುತ್ತದೆ, ಹಾಗಾಗಿ ಹೆಣಿಗೆ ಬಲ್ಲ ಬ್ರೌಸರ್ ಒಳಗಿದ್ದೂ ಸಂಭಾಷಣೆಯ ಚೌಕ ವಾಕ್ಯವನ್ನು ಒಂದೊಂದೇ ಸಂಕೇತವಾಗಿ ಬಿಡಿಸುತ್ತದೆ. ಜಪಾನಿಗೂ ಇಂಗ್ಲಿಷಿಗೂ ಅದು ಸಾಕು, ನಮಗೆ ಸಾಲದು. ಮೈಸೂರಿನಲ್ಲಿರುವ ಗೆಳತಿಯೊಬ್ಬಳಿಗೆ ಹಲಂತ ಬಂದರೆ ಮುಂದಿನ ವ್ಯಂಜನವನ್ನೂ, ಗುಣಿತ ಬಂದರೆ ಅದನ್ನೂ ಒಂದೇ ಕಟ್ಟಾಗಿ ಹಿಡಿದು ಆಮೇಲೆ ಬಿಡಿಸುವ ಹತ್ತು ಸಾಲಿನ ತಿದ್ದುಪಡಿ ಬರೆದುಕೊಟ್ಟೆ. ಅವಳ ಆಟದಲ್ಲಿ ಈಗ ಸ್ತ್ರೀ ಎಂಬ ಪದದ ಆರು ಸಂಕೇತಗಳು ಒಂದಾಗಿ ಕೂರುತ್ತವೆ.

ಗಾತ್ರದ ವಿಷಯವೂ ಇದೆ. 320ಕ್ಕೆ 240 ಚುಕ್ಕೆಗಳ ಹಳೆಯ ಪರದೆಯಲ್ಲಿ ಇಂಗ್ಲಿಷ್ ಅಕ್ಷರ ಎಂಟು ಚುಕ್ಕೆಯಲ್ಲಿ ನಿಲ್ಲುತ್ತದೆ. ಕನ್ನಡಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು ಸೇರಿ ಅದರ ಎರಡರಷ್ಟು ಕೊಟ್ಟರೂ ಕಣ್ಣು ಕಿರಿದುಮಾಡಬೇಕು. ಗೊಡೊದ ಸೆಟ್ಟಿಂಗ್‌ನಲ್ಲಿ ಪರದೆಯನ್ನು ಹಿಗ್ಗಿಸುವ ವಿಧಾನಕ್ಕೆ ವ್ಯೂಪೋರ್ಟ್ ಬದಲು ಕ್ಯಾನ್ವಾಸ್ ಐಟಮ್ಸ್ ಎಂಬುದನ್ನು ಇಟ್ಟರೆ ಚಿತ್ರಗಳು ಚುಕ್ಕೆಚುಕ್ಕೆಯಾಗಿಯೇ ಉಳಿದು ಅಕ್ಷರ ಮಾತ್ರ ಪರದೆಯ ನಿಜವಾದ ಸೂಕ್ಷ್ಮತೆಯಲ್ಲಿ ಮೂಡುತ್ತದೆ. ಅಪ್ಪಟ ಹಳೆಯ ನೋಟ ಬೇಕೆನ್ನುವವರಿಗೆ ಇದು ಕಲಬೆರಕೆ ಎನಿಸಬಹುದು. ಓದಲು ಬರುವ ಕನ್ನಡ ನನಗೆ ಹೆಚ್ಚು. ಚೌಕದಲ್ಲಿ ನಾಲ್ಕರ ಬದಲು ಮೂರೇ ಸಾಲು ಹಿಡಿದವು, ಆದ್ದರಿಂದ ಪಾತ್ರಗಳ ಮಾತನ್ನು ಮೊಟಕು ಮಾಡಿದೆ. ಘಟ್ಟದ ಮೇಲಿನವರು ಸುಂಕದ ಕಟ್ಟೆಯಲ್ಲಿ ಹೆಚ್ಚು ಮಾತಾಡದಿರುವುದು ಅಸಹಜವೇನಲ್ಲ. ಲಿನಕ್ಸ್ ಪೆಟ್ಟಿಗೆಯೊಳಗೆ ಕನ್ನಡ ಕೀಲಿಮಣೆ ನನಗೆ ನೆಟ್ಟಗೆ ಒದಗಲಿಲ್ಲವಾಗಿ, ಮಾತುಗಳನ್ನೆಲ್ಲ ಹೊರಗೆ ಒಂದು ಸಿಎಸ್‌ವಿ ಫೈಲಿನಲ್ಲಿ (ಸಾಲು, ಅಂಕಣಗಳ ಸರಳ ಪಠ್ಯದ ಪಟ್ಟಿಯಲ್ಲಿ) ಬರೆದು ಆಟ ಅದನ್ನು ಓದುವಂತೆ ಮಾಡಿದ್ದೇನೆ. ಇದರಿಂದ ಆಯಿ ಕೂಡ ಆಟ ತೆರೆಯದೆ ಮಾತುಗಳನ್ನಷ್ಟೇ ಓದಿ, ಅಳತೆಯ ಪದಗಳಲ್ಲಿ ನಾನು ಮಾಡಿದ ತಪ್ಪುಗಳನ್ನು ಗುರುತು ಹಾಕಿ ಕೊಟ್ಟಳು.

ಒಮ್ಮೆ ಎಲ್ಲವೂ ಹೋಗುವುದರಲ್ಲಿತ್ತು. ಆಟವನ್ನು ವೆಬ್‌ಗೆ ಹೊರತರಲು ಬೇಕಾದ ನೂರಾರು ಎಂಬಿಯ ಕಟ್ಟನ್ನು ಗುಡ್ಡದ ತಿರುವಿನಲ್ಲಿ ಸಿಗ್ನಲ್ ಹಿಡಿದು ಇಳಿಸಿಕೊಂಡು ಬಂದೆ. ಬಿಚ್ಚುವಾಗ ಡಿಸ್ಕ್ ತುಂಬಿತು, ಮರುದಿನ ಲಿನಕ್ಸ್ ಪೆಟ್ಟಿಗೆ ತೆರೆಯಲೇ ಇಲ್ಲ. ತಪ್ಪು ನನ್ನದೇ, ಉಳಿದ ಜಾಗ ಎಷ್ಟೆಂದು ನೋಡಿರಲಿಲ್ಲ. ಇಡೀ ಪೆಟ್ಟಿಗೆಯನ್ನು ಒಂದೇ ಫೈಲಾಗಿ ಬ್ಯಾಕಪ್ ಮಾಡಿಡುವ ಗುಂಡಿ ಸೆಟ್ಟಿಂಗ್ಸ್‌ನಲ್ಲೇ ಇದೆ. ನಾನು ಅದನ್ನು ಒತ್ತಿ ಹದಿನೇಳು ದಿನವಾಗಿತ್ತು. ಹದಿನೇಳು ದಿನಗಳ ದೇವಿಮನೆ ಘಟ್ಟ ಹೋಯಿತು. ಈಗ ಪ್ರತಿ ಸಂಜೆ ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿ, ಬೂಸ್ಟು ಹಿಡಿಯದಂತೆ ಅಕ್ಕಿ ಡಬ್ಬದ ಪಕ್ಕ ಇಡುತ್ತೇನೆ.

ಈಗ ಕೈಯಲ್ಲಿರುವುದು ಅಘನಾಶಿನಿಯ ಅಳಿವೆ. ಶಿರಸಿಯಲ್ಲೇ ಹುಟ್ಟುವ ಹೊಳೆ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಮಿರ್ಜಾನ್ ದಾಟಿ ತದಡಿಯ ಬಳಿ ಸಮುದ್ರ ಸೇರುವಲ್ಲಿ ಭರತ ಇಳಿತಗಳು ಒಳಗಿನವರೆಗೂ ನುಗ್ಗುತ್ತವೆ. ಅಲೆಗಳನ್ನು ಚಲಿಸುವಂತೆ ಬರೆದರೆ ನನ್ನ ಯಂತ್ರ ಏದುಸಿರು ಬಿಡುತ್ತದೆ. ಅದಕ್ಕೆ ಒಂದೇ ನಕ್ಷೆಯ ಎರಡು ಪ್ರತಿ ಇಟ್ಟು, ನೀರು ಏರಿದಾಗ ಒಂದು, ಇಳಿದಾಗ ಇನ್ನೊಂದು ತೋರಿಸುತ್ತೇನೆ. ಇಳಿದಾಗ ಮರಳದಿಬ್ಬ ಮೇಲೇಳುತ್ತದೆ, ಬೆಳಚು ಎಂಬ ಚಿಪ್ಪಿಯನ್ನು ಆರಿಸಬಹುದು, ದೋಣಿ ಮಾತ್ರ ಹೋಗುವುದಿಲ್ಲ. ಮೊನ್ನೆ ಅಣ್ಣನ ಮಗ ಹೊಳೆಯ ನಡುವೆ ದೋಣಿ ನಿಲ್ಲಿಸಿ ಆಟ ಸೇವ್ ಮಾಡಿ ಊಟಕ್ಕೆ ಎದ್ದ. ಮರಳಿ ತೆರೆದಾಗ ನೀರು ಇಳಿದು, ದೋಣಿ ಮರಳಿನ ಮೇಲೆ ಅಲ್ಲಾಡದೆ ಕುಳಿತಿತ್ತು. ತಿದ್ದುವುದು ಎರಡು ಸಾಲಿನ ಕೆಲಸ. ಆದರೆ ಹಾಗೆ ಸಿಕ್ಕಿಬಿದ್ದ ದೋಣಿಯವರು ನಿಜಕ್ಕೂ ನೀರೇರುವವರೆಗೆ ಕಾಯುತ್ತಾರೋ, ಸರಕು ಇಳಿಸಿ ತಳ್ಳುತ್ತಾರೋ ಎಂಬುದನ್ನು ತದಡಿಯಲ್ಲಿ ಕೇಳಿಕೊಂಡು ಬಂದ ಮೇಲೆಯೇ ಅದನ್ನು ಮುಟ್ಟುತ್ತೇನೆ. ಮಳೆ ಸ್ವಲ್ಪ ಬಿಡಬೇಕು.